ಗದ್ದೆ ನಮ್ಮದಾದ ವರ್ಷ

1976ರ ಜನವರಿ ಕೊನೆಯಲ್ಲಿ ಒಂದು ದಿನ ಬೆಳಗಿನ ಜಾವ ಎದ್ದು ಹನ್ನೆರಡು ಹಾಳೆಗಳನ್ನು ನಮ್ಮ ಮನೆಯ ಬಚ್ಚಲೊಲೆಗೆ ಹಾಕಿದೆ. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು. ಭರ್ರನೆ ಹೊತ್ತಿಕೊಂಡು ಮುಗಿದುಹೋಗುತ್ತವೆ ಅಂದುಕೊಂಡಿದ್ದೆ. ಮಡಿಸಿ ಗಟ್ಟಿಯಾಗಿ ಕಟ್ಟಿದ್ದಕ್ಕೋ ಏನೋ, ಅಂಚು ಮಾತ್ರ ಕಪ್ಪಾಗಿ ಹಾಗೇ ನಿಂತುಬಿಟ್ಟವು. ಕಡ್ಡಿಯಿಂದ ಹೊರಗೆಳೆದು, ಒಂದೊಂದೇ ಬಿಡಿಸಿ ಹಾಕಬೇಕಾಯಿತು. ಹಾಗೆ ಬಿಡಿಸುವಾಗ ಬೆಂಕಿಯ ಬೆಳಕಲ್ಲಿ ಒಂದೊಂದನ್ನೂ ಓದಿದೆ, ಹನ್ನೆರಡರಲ್ಲೂ ಇದ್ದದ್ದು ಒಂದೇ ಬರಹವಾದರೂ. ಆಗ ನನಗೆ ಹದಿನಾರೂವರೆ ವರ್ಷ.

ಎಮರ್ಜೆನ್ಸಿಗೆ 50 ವರ್ಷ ತುಂಬಿದಾಗ, 2025ರ ಜೂನ್‌ನಲ್ಲಿ, ಎಲ್ಲ ಕಡೆ ಅದರದ್ದೇ ಮಾತು ಇತ್ತು. ನಾನೂ ಓದಿದೆ, ಕೇಳಿದೆ. ಕೆಲವರು ಹೇಳಿದರು, ದೇಶಕ್ಕೆ ದೇಶವೇ ಹೆದರಿ ನಡುಗುತ್ತಿತ್ತು ಅಂತ. ಇನ್ನು ಕೆಲವರು, ಅದರಲ್ಲೂ ನನ್ನ ವಯಸ್ಸಿನವರೇ, ಆಗ ರೈಲು ಸರಿಯಾದ ಹೊತ್ತಿಗೆ ಬರುತ್ತಿತ್ತು, ಆಫೀಸಿನಲ್ಲಿ ಗುಮಾಸ್ತರು ಕುರ್ಚಿ ಮೇಲೆ ಇರುತ್ತಿದ್ದರು, ಒಂದು ಶಿಸ್ತು ಇತ್ತು ಅಂದರು. ಎರಡೂ ನನ್ನ ಊರಿನ ಕತೆ ಅಲ್ಲ. ನಮ್ಮೂರಲ್ಲಿ ಯಾರೂ ನಡುಗಲಿಲ್ಲ. ರೈಲು ನಮಗೆ ಬೇಕಾಗಿಯೂ ಇರಲಿಲ್ಲ. ನಮ್ಮ ಮನೆಗೆ ಆ ಕಾಲ ತಂದದ್ದು ಗದ್ದೆ. ಅದನ್ನು ಬಿಟ್ಟು ಎಮರ್ಜೆನ್ಸಿಯ ಬಗ್ಗೆ ಮಾತಾಡುವುದು ನನಗೆ ಆಗುವುದಿಲ್ಲ, ಅದಕ್ಕೇ ಇಷ್ಟು ವರ್ಷ ಮಾತಾಡಿರಲಿಲ್ಲ.

ನಮ್ಮದು ಶಿವಮೊಗ್ಗ ಜಿಲ್ಲೆ, ಸಾಗರದ ಕಡೆ. ಅಜ್ಜ ಗೇಣಿದಾರ. ಅಜ್ಜನ ಅಪ್ಪನೂ ಗೇಣಿದಾರ. ನಾಲ್ಕು ಎಕರೆ ಗದ್ದೆ, ಅದರ ಒಡೆಯರು ಬೇರೆ. ಉಳುವುದು, ನೆಡುವುದು, ಕೊಯ್ಯುವುದು, ಬಡಿಯುವುದು ಎಲ್ಲ ನಾವು. ಸುಗ್ಗಿಯಲ್ಲಿ ಭತ್ತ ಅಳೆದು ಒಡೇರ ಮನೆಗೆ ಹೊತ್ತು ಹಾಕಿ, ಉಳಿದದ್ದನ್ನು ತರುವುದು. ಅಳೆಯುವ ಕೊಳಗ ಒಡೇರದ್ದು. ಅದು ನಮ್ಮ ಮನೆಯ ಕೊಳಗಕ್ಕಿಂತ ದೊಡ್ಡದು ಅಂತ ಮಕ್ಕಳಿಗೂ ಗೊತ್ತಿತ್ತು. ನಾನು ಚಿಕ್ಕವನಿದ್ದಾಗ ಒಂದು ಸಲ ಎಲ್ಲರ ಎದುರೇ ಕೇಳಿಬಿಟ್ಟಿದ್ದೆ, "ಅಜ್ಜಾ, ಇದ್ಯಾಕೆ ಇಷ್ಟು ದೊಡ್ಡದು?" ಅಂತ. ಅಜ್ಜ ನನ್ನ ತಲೆ ಮೇಲೆ ಕೈ ಇಟ್ಟು ಮೆತ್ತಗೆ ಹಿಂದಕ್ಕೆ ತಳ್ಳಿದ್ದ, ಅಷ್ಟೆ.

ಕಾಗೋಡು ನಮ್ಮ ತಾಲ್ಲೂಕಿನದ್ದೇ ಊರು. 1951ರಲ್ಲಿ ಅಲ್ಲಿಯ ಗೇಣಿದಾರರು ಎದ್ದು ನಿಂತದ್ದು ಇದೇ ಕೊಳಗದ ಅಳತೆಯ ವಿಷಯಕ್ಕೆ. ಗಣಪತಿಯಪ್ಪನವರು ರೈತ ಸಂಘ ಕಟ್ಟಿದ್ದರು, ಶಾಂತವೇರಿ ಗೋಪಾಲಗೌಡರು ಬಂದರು, ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಆಮೇಲೆ ರಾಮಮನೋಹರ ಲೋಹಿಯಾ ಕೂಡ ಬಂದು ಅಲ್ಲಿ ಸೆರೆಯಾದರು. ನೂರಾರು ಜನ ಜೈಲು ಸೇರಿದರು. ಅವರಲ್ಲಿ ನಮ್ಮ ಮೇಷ್ಟ್ರೂ ಒಬ್ಬರು, ಆಗ ಅವರಿಗೆ ಇಪ್ಪತ್ತರ ಆಸುಪಾಸು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಜೈಲಿಗೆ ಹೋದವರಿಗೆ ಕೆಲಸ ಯಾರು ಕೊಡ್ತಾರೆ? ಸಂಜೆ ಹೊತ್ತು ಗೇಣಿದಾರರ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು, ಹಾಗಾಗಿ ಮೇಷ್ಟ್ರು. ನನ್ನ ಅಪ್ಪನಿಗೂ ಅಕ್ಷರ ಕಲಿಸಿದವರು ಅವರೇ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದೂ ಅವರಿಂದಲೇ. ಗಣಿತ ಹೇಳಿಕೊಡುತ್ತಾ ನಡುವೆ ಇದ್ದಕ್ಕಿದ್ದ ಹಾಗೆ ಜಪಾನಿನ ರೈತರ ವಿಷಯಕ್ಕೋ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ಮುಳುಗಿದ ಹಳ್ಳಿಗಳ ವಿಷಯಕ್ಕೋ ಹೋಗಿಬಿಡುತ್ತಿದ್ದರು, ಮತ್ತೆ ಲೆಕ್ಕಕ್ಕೆ ಬರುವಷ್ಟರಲ್ಲಿ ಲಾಟೀನಿನ ಎಣ್ಣೆ ಮುಗಿದಿರುತ್ತಿತ್ತು. (ಶರಾವತಿಯ ಕರೆಂಟು ಬೆಂಗಳೂರಿಗೆಲ್ಲ ಹೋಗುತ್ತಿತ್ತು. ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ.)

1974ರ ಮಾರ್ಚ್ 1ರಿಂದ ಹೊಸ ಕಾನೂನು ಜಾರಿಗೆ ಬಂತು. ದೇವರಾಜ ಅರಸರು ಮುಖ್ಯಮಂತ್ರಿ. ಗೇಣಿ ಭೂಮಿಯೆಲ್ಲ ಆ ದಿನದಿಂದ ಸರ್ಕಾರದ್ದು, ಉಳುವವನು ಅರ್ಜಿ ಹಾಕಿದರೆ ಅವನ ಹೆಸರಿಗೆ. ಫಾರಂ ನಂಬರ್ 7. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಹಾಕೋದು ಅಂತಲೇ ಹೇಳುತ್ತಿದ್ದರು, ಈಗಲೂ ಹಾಗೇ ಹೇಳುತ್ತಾರೆ. ಅಜ್ಜನ ಡಿಕ್ಲರೇಶನ್ ಬರೆದುಕೊಟ್ಟವರು ಮೇಷ್ಟ್ರು. ಊರಲ್ಲಿ ಅರ್ಧ ಜನರದ್ದು ಅವರೇ ಬರೆದರು. ಕೆಲವರು ಒಡೇರಿಗೆ ಹೆದರಿ ಹಾಕಲೇ ಇಲ್ಲ. ಅವರ ಮನೆಗಳಿಗೆ ಮೂರು ಮೂರು ಸಲ ಹೋಗಿ, ಬೈದು, ಹೊಗಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಅಪ್ಪನ ಸೈಕಲ್ಲಿನ ಹಿಂದೆ ಕೂತು ಆ ಅರ್ಜಿಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ಸಾಗರಕ್ಕೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ.

1975ರ ಜೂನ್ 26 ಒಂದು ಗುರುವಾರ. ನೆಟ್ಟಿಯ ಸಮಯ, ಮಳೆ. ನಮ್ಮೂರಲ್ಲಿ ಸರಿಯಾದ ರೇಡಿಯೋ ಇದ್ದದ್ದು ಒಡೇರ ಮನೆಯಲ್ಲಿ. ಅವರು ಜಗಲಿಯಲ್ಲಿ ಇಟ್ಟು ಹಚ್ಚುತ್ತಿದ್ದರು, ನಾವು ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳದಲ್ಲಿ ನಿಂತು ಕೇಳುವುದು. ರಾಷ್ಟ್ರಪತಿಗಳು ತುರ್ತುಪರಿಸ್ಥಿತಿ ಘೋಷಿಸಿದ್ದಾರೆ, ಯಾರೂ ಗಾಬರಿಯಾಗಬೇಕಾಗಿಲ್ಲ ಅಂತ ಬಂತು. ನಮಗೆ ಗಾಬರಿ ಏನೂ ಆಗಲಿಲ್ಲ. ಮಳೆ ಹಿಡಿದಿತ್ತು, ಸಸಿ ಕೀಳಬೇಕಿತ್ತು. ಅಜ್ಜ, "ಅದೆಲ್ಲ ಡೆಲ್ಲಿದು" ಅಂದು ಹೊರಟ. ಮೇಷ್ಟ್ರು ಮಾತ್ರ ವಾರ್ತೆ ಮುಗಿದ ಮೇಲೂ ಅಲ್ಲೇ ನಿಂತಿದ್ದರು. ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಚುನಾವಣೆ ರದ್ದು ಮಾಡಿದ ದಿನ ಅವರು ಪೇಪರು ಹಿಡಿದು ಓಡಿ ಬಂದಿದ್ದರು. ಅವತ್ತು ಅವರ ಕೈಯಲ್ಲಿ ಏನೂ ಇರಲಿಲ್ಲ.

ಅದೇ ದಿನ ಬೆಂಗಳೂರಿನಲ್ಲಿ, ಸಂಸತ್ತಿನ ಒಂದು ಸಮಿತಿಯ ಸಭೆಗೆ ಬಂದಿದ್ದ ಅಡ್ವಾಣಿ, ವಾಜಪೇಯಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ ಎಲ್ಲರನ್ನೂ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಈಗ ಫ್ರೀಡಂ ಪಾರ್ಕ್ ಆಗಿದೆಯಲ್ಲ, ಅದೇ ಜಾಗ. ಇದೆಲ್ಲ ನಮಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ, ಅದೂ ಬಾಯಿಂದ ಬಾಯಿಗೆ. ಪೇಪರಿನಲ್ಲಿ ಇರುತ್ತಿರಲಿಲ್ಲ. ಮೇಷ್ಟ್ರು ಆ ವಾರವೇ ಊರು ಬಿಟ್ಟರು. ಸಾಗರದಿಂದ ಪೊಲೀಸರು ಬಂದು ಅವರ ಮನೆಯಲ್ಲಿ ಪುಸ್ತಕ ಎಲ್ಲ ಹರಡಿ ನೋಡಿ ಹೋದರು.

ನಾನು ಪಿಯುಸಿ ಸೇರಿದೆ. ಬಸ್ಸಿನಲ್ಲಿ, ಆಫೀಸುಗಳ ಗೋಡೆ ಮೇಲೆ "ಮಾತು ಕಡಿಮೆ, ಹೆಚ್ಚು ದುಡಿಮೆ" ಅಂತ ಬರೆದಿರುತ್ತಿತ್ತು. ಇಪ್ಪತ್ತು ಅಂಶದ ಕಾರ್ಯಕ್ರಮದ ಪಟ್ಟಿ ಬಾಯಿಪಾಠ ಮಾಡಿ ಪ್ರಬಂಧ ಸ್ಪರ್ಧೆಯಲ್ಲಿ ಬರೆದೆ, ಎರಡನೇ ಬಹುಮಾನ ಬಂತು. ಅದರಲ್ಲಿದ್ದದ್ದು ಏನು ಕೆಟ್ಟದ್ದು? ಭೂಮಿ ಹಂಚಬೇಕು, ಜೀತ ಹೋಗಬೇಕು, ಬಡವರ ಸಾಲ ವಸೂಲಿ ನಿಲ್ಲಬೇಕು. ನಾನು ನಂಬಿಯೇ ಬರೆದೆ. ಈಗಲೂ ಆ ಮಾತುಗಳ ಬಗ್ಗೆ ನನಗೆ ಬೇಜಾರಿಲ್ಲ.

ಬೇಜಾರಿರುವುದು ಇನ್ನೊಂದಕ್ಕೆ. ಕಾಲೇಜಿನಲ್ಲಿ ಸಿವಿಕ್ಸ್ ಪಾಠ ಮಾಡುತ್ತಿದ್ದ ಲೆಕ್ಚರರು ಬಹಳ ಒಳ್ಳೆಯವರು, ಜೋರು ದನಿ, ಪಾಠ ಅಂದರೆ ನಾಟಕ ನೋಡಿದ ಹಾಗೆ. ಮೂಲಭೂತ ಹಕ್ಕುಗಳ ಪಾಠ ಬಂದ ದಿನ ಅವರು ಪುಸ್ತಕ ತೆರೆದರು, ಒಂದು ನಿಮಿಷ ಹಾಗೇ ನೋಡಿದರು, ಮುಚ್ಚಿದರು. "ಇದನ್ನ ಮನೇಲಿ ಓದ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋದರು. ನಮ್ಮಲ್ಲಿ ಒಬ್ಬನೂ ಯಾಕೆ ಸಾರ್ ಅಂತ ಕೇಳಲಿಲ್ಲ. ಅರವತ್ತು ಹುಡುಗರು. ಅರವತ್ತು ಜನಕ್ಕೂ ಯಾಕೆ ಅಂತ ಗೊತ್ತಿತ್ತು, ಕೇಳಬಾರದು ಅಂತಲೂ ಗೊತ್ತಿತ್ತು, ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ದೊಡ್ಡವನಾದದ್ದು ಯಾವಾಗ ಅಂತ ಯಾರಾದರೂ ಕೇಳಿದರೆ ಆ ಕ್ಲಾಸು ನೆನಪಾಗುತ್ತದೆ. ಮೀಸೆ ಚಿಗುರಿದ್ದು ಆಮೇಲೆ.

ಯಾರ ಮುಂದೆ ಯಾವ ಮಾತು, ಎಷ್ಟು ಮಾತು, ಅನ್ನೋದನ್ನು ಹುಡುಗರು ಎಷ್ಟು ಬೇಗ ಕಲೀತಾರೆ ಗೊತ್ತಾ? ಈಜು ಕಲಿಯೋದಕ್ಕಿಂತ ಬೇಗ. ಮೊದಮೊದಲು ಯೋಚನೆ ಮಾಡಿ ಸುಮ್ಮನಿರಬೇಕು. ಎರಡು ಮೂರು ತಿಂಗಳಲ್ಲಿ ಯೋಚನೆಯೇ ಬೇಡ, ಬಾಯಿ ತಾನೇ ನಿಲ್ಲುತ್ತದೆ. ಇನ್ನೂ ಸ್ವಲ್ಪ ದಿನ ಹೋದರೆ ಆ ವಿಷಯ ಮನಸ್ಸಿಗೇ ಬರುವುದಿಲ್ಲ. ನನಗೆ ಈಗ ಅತ್ಯಂತ ಭಯ ಹುಟ್ಟಿಸುವುದು ಈ ಮೂರನೆಯದು.

ಡಿಸೆಂಬರಿನಲ್ಲಿ, ಒಕ್ಕಲು ಆಗುತ್ತಿದ್ದ ದಿನಗಳಲ್ಲಿ, ಒಂದು ರಾತ್ರಿ ನಾನು ಕಣದ ಕಾವಲಿಗೆ ಮಲಗಿದ್ದೆ. ಹುಲ್ಲು ಸರಿದ ಸದ್ದಾಗಿ ಎದ್ದು ಕೂತರೆ ಮೇಷ್ಟ್ರು. ಗಡ್ಡ ಬಿಟ್ಟಿದ್ದರು, ತೆಳ್ಳಗಾಗಿದ್ದರು. ನವೆಂಬರ್ 14ರಿಂದ ದೇಶದ ತುಂಬ ಸತ್ಯಾಗ್ರಹ ಶುರುವಾಗಿದೆ, ದಿನಾ ಜನ ಜೈಲಿಗೆ ಹೋಗ್ತಾ ಇದಾರೆ, ನಿಮಗೆ ಗೊತ್ತೇ ಇಲ್ಲ ಅಲ್ವಾ ಅಂದರು. ಗೊತ್ತಿಲ್ಲ ಅಂದೆ. ಜೇಬಿನಿಂದ ಒಂದು ಕಟ್ಟು ತೆಗೆದು ಕೊಟ್ಟರು. "ಹನ್ನೆರಡು ಇದೆ ತಮ್ಮಾ. ಕಾಲೇಜಲ್ಲಿ ನಂಬಿಕಸ್ತರು ಯಾರು ಅಂತ ನಿನಗೆ ಗೊತ್ತಿರುತ್ತೆ. ಒಬ್ಬೊಬ್ಬರಿಗೆ ಒಂದು. ಓದಿ ಇನ್ನೊಬ್ಬರಿಗೆ ಕೊಡೋಕೆ ಹೇಳು." ಅವ್ವನನ್ನು ಎಬ್ಬಿಸಿ ಊಟ ಹಾಕಿಸಲಾ ಅಂದೆ. ಬೇಡ ಅಂದರು. ಕಣದಲ್ಲಿದ್ದ ಭತ್ತದ ರಾಶಿಯ ಮೇಲೆ ಒಮ್ಮೆ ಕೈ ಆಡಿಸಿ, "ಡಿಕ್ಲರೇಶನ್ ಏನಾಯ್ತು?" ಅಂತ ಕೇಳಿದರು. ವಿಚಾರಣೆ ಫೆಬ್ರವರಿಗೆ ಬಂದಿದೆ ಅಂದೆ. ಅವರ ಮುಖ ಕತ್ತಲಲ್ಲಿ ಕಾಣಲಿಲ್ಲ, ಆದರೆ ನಕ್ಕ ಸದ್ದು ಕೇಳಿತು.

ಎಂಟು ಹತ್ತು ದಿನದಲ್ಲಿ ಅವರು ಸಿಕ್ಕಿಬಿದ್ದರು. ಮೊದಲು ಶಿವಮೊಗ್ಗ, ಆಮೇಲೆ ಬಳ್ಳಾರಿ ಜೈಲು. ಮೀಸಾ, ಅಂದರೆ ಆಂತರಿಕ ಭದ್ರತೆಯ ಕಾಯ್ದೆ. ವಿಚಾರಣೆ ಇಲ್ಲ, ಯಾಕೆ ಹಿಡಿದೆವು ಅಂತ ಹೇಳಬೇಕಾಗಿಯೂ ಇಲ್ಲ. ಆಮೇಲೆ ಎಮರ್ಜೆನ್ಸಿಯ ತನಿಖೆಗೆ ನೇಮಿಸಿದ ಶಾ ಆಯೋಗ ಲೆಕ್ಕ ಹಾಕಿದಾಗ ಹೀಗೆ ಒಳಗೆ ಹೋದವರು, ಮೀಸಾ ಮತ್ತು ಭಾರತ ರಕ್ಷಣಾ ನಿಯಮ ಎರಡೂ ಸೇರಿ, 1,10,806 ಜನ ಅಂತ ಬಂತು. ಅದರಲ್ಲಿ ನಮ್ಮ ಮೇಷ್ಟ್ರೂ ಒಂದು ಅಂಕೆ.

ಹಾಳೆಗಳನ್ನು ಕಣಜದ ಹಿಂದೆ ಇಟ್ಟಿದ್ದೆ. ಹಂಚಬೇಕು ಅಂತಲೇ ಇತ್ತು. ನಾಲ್ಕು ಹುಡುಗರ ಹೆಸರನ್ನು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದೆ. ನಾಳೆ, ನಾಡಿದ್ದು ಅಂತ ದಿನ ಹೋಗುತ್ತಿತ್ತು.

ಜನವರಿಯಲ್ಲಿ ಆಳುವ ಪಕ್ಷದ ಒಬ್ಬರು, ತಾಲ್ಲೂಕಿನಲ್ಲಿ ಓಡಾಟ ಇದ್ದವರು, ನಮ್ಮ ಮನೆಗೆ ಬಂದರು. ಕೆಟ್ಟ ಮನುಷ್ಯ ಅಲ್ಲ. ಅಜ್ಜನ ಮೇಲೆ ಗೌರವ ಇತ್ತು. ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಡಿಕ್ಲರೇಶನ್ ವಿಚಾರಣೆ ಮಾಡುವ ಭೂನ್ಯಾಯ ಮಂಡಳಿ ಹೇಗೆ ನಡೆಯುತ್ತೆ ಅಂತೆಲ್ಲ ಅಜ್ಜನಿಗೆ ವಿವರವಾಗಿ ಹೇಳಿದರು. ಎ.ಸಿ. ಸಾಹೇಬರು, ಅಂದರೆ ಅಸಿಸ್ಟೆಂಟ್ ಕಮಿಷನರು, ಅಧ್ಯಕ್ಷರು, ಜೊತೆಗೆ ಸರ್ಕಾರ ಹಾಕಿದ ನಾಲ್ಕು ಜನ ಸದಸ್ಯರು, ವಕೀಲರು ಬರೋ ಹಾಗಿಲ್ಲ, ನೀನೇ ಮಾತಾಡಬೇಕು, ಹೆದರಬೇಡ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ನಿಮ್ಮ ಹುಡುಗ ಆ ಮೇಷ್ಟ್ರ ಹಿಂದೆ ಓಡಾಡ್ತಿದ್ದ ಅಂತ ಯಾರೋ ಅಂದ್ರು. ವಿಚಾರಣೆ ಹತ್ರ ಬಂದಿದೆ. ಸ್ವಲ್ಪ ನೋಡ್ಕೋ ಮಾರಾಯ" ಅಂದರು. ಅಷ್ಟೇ. ದನಿ ಏರಿಸಲಿಲ್ಲ. ಒಳ್ಳೆಯದಕ್ಕೇ ಹೇಳಿದ್ದು.

ಅವರು ಹೋದ ಮೇಲೆ ಅಜ್ಜ ನನ್ನನ್ನು ಏನೂ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಜ್ಜನ ಕೈ ನೋಡಿದೆ. ಬಲಗೈ ಹೆಬ್ಬೆರಳ ಬುಡದಲ್ಲಿ ದಡ್ಡುಗಟ್ಟಿ ಚರ್ಮ ಹಳದಿಯಾಗಿತ್ತು. ಆ ನಾಲ್ಕು ಎಕರೆಗೆ ಅವನು ಐವತ್ತು ವರ್ಷ ಇಳಿದಿದ್ದ. ಬೆಳಗಿನ ಜಾವ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕಿದೆ.

ಆ ಹಾಳೆಯಲ್ಲಿ ಏನಿತ್ತು? ಹೆಚ್ಚೇನೂ ಇಲ್ಲ. ಯಾರು ಯಾರು ಯಾವ ಜೈಲಿನಲ್ಲಿದ್ದಾರೆ ಅಂತ ಪಟ್ಟಿ. ಜಯಪ್ರಕಾಶ ನಾರಾಯಣರ ಮೂತ್ರಪಿಂಡ ಕೆಟ್ಟು ನವೆಂಬರಿನಲ್ಲಿ ಬಿಟ್ಟಿದ್ದಾರೆ ಅಂತ ಒಂದು ಸಾಲು. ಬೆಂಗಳೂರಿನ ಹೈಕೋರ್ಟಿನಲ್ಲಿ ಬಂಧಿತರ ಪರವಾಗಿ ಅರ್ಜಿ ನಡೆಯುತ್ತಿದೆ ಅಂತ ಒಂದು ಸಾಲು. ಕೊನೆಗೆ, "ಓದಿ ಮುಂದಿನವರಿಗೆ ಕೊಡಿ." ಇವತ್ತಿನ ಹುಡುಗರಿಗೆ ಇದು ನಂಬೋದಕ್ಕೇ ಕಷ್ಟ ಆಗಬಹುದು. ಸುಡುವಷ್ಟು ಅದರಲ್ಲಿ ಏನಿತ್ತು? ಸುದ್ದಿ ಇತ್ತು, ಅಷ್ಟೆ.

ಫೆಬ್ರವರಿಯಲ್ಲಿ ವಿಚಾರಣೆ ಆಯಿತು. ಅಜ್ಜ ಒಗೆದ ಪಂಚೆ ಉಟ್ಟು ಸಾಗರಕ್ಕೆ ಬಂದ. ಗೇಣಿ ಕೊಟ್ಟದ್ದಕ್ಕೆ ಚೀಟಿ ಇದೆಯಾ ಅಂತ ಕೇಳಿದರು. ಚೀಟಿ ಎಲ್ಲಿಂದ ಬರಬೇಕು? ಯಾವ ಕಾಲದಲ್ಲೂ ಯಾರೂ ಕೊಟ್ಟಿರಲಿಲ್ಲ. ಅಕ್ಕಪಕ್ಕದ ಗದ್ದೆಯವರು ಸಾಕ್ಷಿ ಹೇಳಿದರು. ಆಮೇಲೆ ಒಡೇರನ್ನು ಕರೆದರು. ಅವರು ಎದ್ದು ನಿಂತು, ಯಾರ ಮುಖವನ್ನೂ ನೋಡದೆ, "ಹೌದು, ಇವನೇ ಮಾಡ್ತಿದ್ದ. ಇವನ ಅಪ್ಪನೂ ಮಾಡ್ತಿದ್ದ" ಅಂದರು. ಅವರು ಹಾಗೆ ಹೇಳುತ್ತಾರೆ ಅಂತ ನಮ್ಮಲ್ಲಿ ಒಬ್ಬರೂ ಅಂದುಕೊಂಡಿರಲಿಲ್ಲ. ಅವರ ಬಗ್ಗೆ ಬೇರೆಯೇ ಒಂದು ಬರಹ ಬರೆಯಬೇಕು, ಯಾವತ್ತಾದರೂ ಬರೆಯುತ್ತೇನೆ. ಕಾಲು ಗಂಟೆಯಲ್ಲಿ ಮುಗಿದುಹೋಯಿತು. ಗದ್ದೆ ಅಜ್ಜನ ಹೆಸರಿಗೆ ಆಯಿತು.

ಅಜ್ಜ ಕಚೇರಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಎದ್ದೇಳು ಅಂದರೂ ಏಳಲಿಲ್ಲ. ಅತ್ತ. ಅವನು ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಪಕ್ಕದಲ್ಲಿ ನಿಂತ ನನಗೆ ಹೊಟ್ಟೆಯೊಳಗೆ ಸಂತೋಷವೂ ಇತ್ತು, ಸುಟ್ಟ ಕಾಗದದ ವಾಸನೆಯೂ ಇತ್ತು.

ಆಮೇಲಿನ ವರ್ಷ ಬೇಗ ಹೇಳಿ ಮುಗಿಸುತ್ತೇನೆ. ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟ್, ತುರ್ತುಪರಿಸ್ಥಿತಿ ಇರುವಾಗ ಬಂಧನದ ವಿರುದ್ಧ ಯಾರೂ ಕೋರ್ಟಿಗೆ ಬರುವ ಹಾಗಿಲ್ಲ ಅಂತ ಹೇಳಿತು. ಬರಬಹುದು ಅಂತ ಹೇಳಿದ್ದ ಹೈಕೋರ್ಟುಗಳಲ್ಲಿ ನಮ್ಮ ಕರ್ನಾಟಕದ್ದೂ ಒಂದು. ಐದು ಜನ ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಆಗುವುದಿಲ್ಲ ಅಂದರು, ಮುಂದೆ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಮೇ ತಿಂಗಳಲ್ಲಿ ಸ್ನೇಹಲತಾ ರೆಡ್ಡಿಯವರನ್ನು ಹಿಡಿದರು. 'ಸಂಸ್ಕಾರ' ಸಿನಿಮಾದ ಚಂದ್ರಿ. ಅವರೂ ಲೋಹಿಯಾವಾದಿ. ಅಸ್ತಮಾ ಇದ್ದ ಹೆಂಗಸನ್ನು ಎಂಟು ತಿಂಗಳು ಬೆಂಗಳೂರು ಜೈಲಿನಲ್ಲಿ ಇಟ್ಟರು, ಸಾಯುವ ಸ್ಥಿತಿಗೆ ಬಂದ ಮೇಲೆ 1977ರ ಜನವರಿ 15ಕ್ಕೆ ಪೆರೋಲಿನ ಮೇಲೆ ಬಿಟ್ಟರು. ಐದು ದಿನಕ್ಕೆ ತೀರಿಕೊಂಡರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಇನ್ನೊಂದನ್ನು ಮಾತ್ರ ನಿಧಾನವಾಗಿ ಹೇಳಬೇಕು. 1976ರ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಪ್ರೈಮರಿಯಲ್ಲಿ ಪಾಠ ಹೇಳಿದ ಮಾಸ್ತರರೊಬ್ಬರು ಮನೆಗೆ ಬಂದರು. ಅವರಿಗೆ ಕುಟುಂಬ ಯೋಜನೆ ಆಪರೇಷನ್ನಿಗೆ ಕೇಸು ತರಬೇಕು ಅಂತ ಲೆಕ್ಕ ಕೊಟ್ಟಿದ್ದರು. ತರದಿದ್ದರೆ ಸಂಬಳ ಇಲ್ಲ. ಎರಡು ತಿಂಗಳಿಂದ ಬಂದಿರಲಿಲ್ಲ. ಜಗಲಿಯಲ್ಲಿ ಕೂತು, ಅಪ್ಪನ ಹತ್ತಿರ ಕೇಳೋದಕ್ಕೆ ಬಾಯಿ ಬರದೆ, ಮಳೆ ಬೆಳೆ ಅಂತ ಅರ್ಧ ಗಂಟೆ ಮಾತಾಡಿದರು. ಅಪ್ಪನಿಗೆ ಆಗ ಮೂವತ್ತೆಂಟು. ನಾವು ಮೂವರು ಮಕ್ಕಳು, ಇನ್ನು ಬೇಕಾಗಿಯೂ ಇರಲಿಲ್ಲ. ಆದರೂ ಅದು ಅವನು ತಾನಾಗಿ ತೆಗೆದುಕೊಂಡ ತೀರ್ಮಾನ ಅಂತ ನಾನು ಹೇಗೆ ಹೇಳಲಿ? ಮಾಸ್ತರರ ಮುಖ ನೋಡಿ ಹೋದ. ಗದ್ದೆ ಕೊಟ್ಟ ಸರ್ಕಾರ ಕೇಳಿದೆ ಅಂತಲೂ ಹೋದ. ಜೀಪಿನಲ್ಲಿ ಕರೆದುಕೊಂಡು ಹೋಗಿ ಸಂಜೆಗೆ ತಂದು ಬಿಟ್ಟರು. ಒಂದು ವಾರ ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಆ ವರ್ಷ ದೇಶದಲ್ಲಿ ಹೀಗೆ ಆಪರೇಷನ್ ಆದವರು 81 ಲಕ್ಷ ಜನ, ಹಿಂದಿನ ವರ್ಷ 26 ಲಕ್ಷ. ಉತ್ತರದ ಕಡೆ ಆದ ಹಾಗೆ ಹಿಡಿದು ಎಳೆದುಕೊಂಡು ಹೋಗಿದ್ದನ್ನು ನಮ್ಮೂರಲ್ಲಿ ನಾನು ನೋಡಿಲ್ಲ. ನಮ್ಮೂರಲ್ಲಿ ಗುರುಗಳ ಸಂಬಳ ನಿಲ್ಲಿಸಿ ಶಿಷ್ಯನ ಮನೆಗೆ ಕಳಿಸಿದರು.

1977ರ ಮಾರ್ಚ್‌ನಲ್ಲಿ ಚುನಾವಣೆ. ನನಗೆ ಹದಿನೆಂಟು ಆಗುವುದರಲ್ಲಿತ್ತು, ಆದರೆ ಆಗ ವೋಟಿಗೆ ಇಪ್ಪತ್ತೊಂದು ಆಗಬೇಕಿತ್ತು. ಕಾಂಗ್ರೆಸ್ಸಿನ ಗುರುತು ಹಸು ಕರು. ಜನತಾದವರದ್ದು ನೇಗಿಲು ಹೊತ್ತ ರೈತ. ಅಜ್ಜ, ಅಪ್ಪ, ಅವ್ವ ಮೂವರೂ ಹೋಗಿ ಹಸು ಕರುವಿಗೆ ಒತ್ತಿ ಬಂದರು. ಅಜ್ಜ ಅದನ್ನು ಮುಚ್ಚಿಡಲೂ ಇಲ್ಲ. "ಇಂದಿರಮ್ಮ ಗದ್ದೆ ಕೊಟ್ಲು, ಉಪ್ಪು ತಿಂದ ಮೇಲೆ..." ಅಂದ. ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ 55 ಸಾವಿರಕ್ಕೂ ಜಾಸ್ತಿ ವೋಟಿನಿಂದ ಸೋತರು, ಉತ್ತರದಲ್ಲಿ ಅವರ ಪಕ್ಷ ಗುಡಿಸಿಹೋಯಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಮರು ವರ್ಷ ಅವರು ಚಿಕ್ಕಮಗಳೂರಿನಲ್ಲಿ ನಿಂತು ಗೆದ್ದರು. ದೂರದವರು ಇದನ್ನು ನೋಡಿ ಕರ್ನಾಟಕದವರಿಗೆ ಏನೂ ತಿಳಿಯುವುದಿಲ್ಲ ಅಂದುಕೊಂಡಿರಬಹುದು. ನನ್ನ ಅಜ್ಜನಿಗೆ ಎಲ್ಲ ತಿಳಿಯುತ್ತಿತ್ತು. ಅವನ ಕೈಗೆ ಜೀವಮಾನದಲ್ಲಿ ಮೊದಲ ಸಲ ಏನೋ ಒಂದು ಸಿಕ್ಕಿತ್ತು, ಕೊಟ್ಟವರಿಗೆ ಅವನು ವೋಟು ಹಾಕಿದ.

ನಾನು ಬಹಳ ವರ್ಷ ಹೀಗೇ ಅಂದುಕೊಂಡಿದ್ದೆ, ಎಮರ್ಜೆನ್ಸಿ ಇಲ್ಲದಿದ್ದರೆ ನಮಗೆ ಗದ್ದೆ ಬರುತ್ತಿರಲಿಲ್ಲ ಅಂತ. ಹಾಗಾಗಿ ಅದರ ಬಗ್ಗೆ ಕೆಟ್ಟದ್ದು ಹೇಳುವ ಹಕ್ಕು ನನಗಿಲ್ಲ ಅಂತ. ಮೂವತ್ತು ದಾಟಿದ ಮೇಲೆ ಒಂದು ದಿನ ಯಾವುದೋ ಕೆಲಸಕ್ಕೆ ಹಳೇ ಕಾಗದ ಹುಡುಕುವಾಗ ಅಜ್ಜನ ಡಿಕ್ಲರೇಶನ್ ಪ್ರತಿ ಸಿಕ್ಕಿತು. ಮೇಷ್ಟ್ರ ದುಂಡು ಅಕ್ಷರ. ಕೆಳಗೆ ತಾರೀಕು: 1974. ಸುಮ್ನೆ ಅದನ್ನೇ ನೋಡುತ್ತಾ ಕೂತೆ. ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್. ಜನ ಆರಿಸಿ ಕಳಿಸಿದ ವಿಧಾನಸಭೆ ಮಾಡಿದ್ದು, ಚರ್ಚೆ ನಡೆದು, ವಿರೋಧ ಬಂದು, ಪೇಪರಿನಲ್ಲಿ ಎಲ್ಲ ಬರೆದು ಆದದ್ದು. ಎಮರ್ಜೆನ್ಸಿ ಬಂದದ್ದು 1975ರ ಜೂನ್. ಗದ್ದೆಗೂ ಅದಕ್ಕೂ ಏನು ಸಂಬಂಧ? ಮಂಡಳಿಗಳು ಬೇಗ ಬೇಗ ಕೆಲಸ ಮಾಡಿದವು ಅನ್ನಬಹುದು. ಇನ್ನು ಒಂದು ವರ್ಷ ತಡವಾಗಿದ್ದರೆ ಅಜ್ಜ ಕಾಯುತ್ತಿದ್ದ, ಐವತ್ತು ವರ್ಷ ಕಾದವನು. ಆ ಕಾನೂನಿನ ಬೇರು ಕಾಗೋಡಿನಲ್ಲಿತ್ತು. ಅದಕ್ಕೆ ಮೊದಲು ಜೈಲಿಗೆ ಹೋದವರನ್ನೇ ಇಪ್ಪತ್ತನಾಲ್ಕು ವರ್ಷದ ಮೇಲೆ ಮತ್ತೆ ಜೈಲಿಗೆ ಹಾಕಿ, ಅವರು ಬರೆದುಕೊಟ್ಟ ಅರ್ಜಿಯ ಮೇಲೆ ಸಹಿ ಮಾಡಿ ನಮಗೆ ಗದ್ದೆ ಕೊಟ್ಟರು. ನಾವು ಸಹಿ ಮಾಡಿದವರಿಗೆ ಕೈ ಮುಗಿದೆವು. ನಮ್ಮದೇ ಆದದ್ದನ್ನು ಯಾರೋ ದಾನ ಕೊಟ್ಟರು ಅಂದುಕೊಂಡು, ಅದಕ್ಕೆ ಬದಲಾಗಿ ಬಾಯಿ ಮುಚ್ಚಿಕೊಂಡೆವು. ಬಡವರಿಗೆ ಒಳ್ಳೆಯದಾಗಬೇಕಾದರೆ ಒಬ್ಬರ ಕೈಯಲ್ಲಿ ಎಲ್ಲ ಅಧಿಕಾರ ಇರಬೇಕು ಅಂತ ಈಗಿನ ಹುಡುಗರು ಯಾರಾದರೂ ಅಂದರೆ ನನಗೆ ಆ ಕಾಗದದ ತಾರೀಕು ನೆನಪಾಗುತ್ತದೆ.

ಮೇಷ್ಟ್ರು ಬಿಡುಗಡೆಯಾಗಿ ಊರಿಗೆ ಬಂದದ್ದು ಮಾರ್ಚ್ ಕೊನೆಯಲ್ಲಿ. ಹದಿನೈದು ತಿಂಗಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊದಲ ದಿನವೇ ನಮ್ಮ ಮನೆಗೆ ಬಂದರು. ಅಜ್ಜ ಒಳಗಿನಿಂದ ನಮ್ಮ ಕೊಳಗದ ತುಂಬ ಭತ್ತ ತುಂಬಿ ತಂದು ಅವರ ಮುಂದಿಟ್ಟ. "ನಮ್ಮ ಹೆಸರಿಗೆ ಆದ ಮೇಲೆ ಮೊದಲ ಬೆಳೆ ಮೇಷ್ಟ್ರೇ. ನಿಮ್ಮ ಪಾಲು." ಮೇಷ್ಟ್ರು ನಕ್ಕು, "ಗೇಣಿ ಕೊಡೋ ಕಾಲ ಮುಗೀತು ಮಾರಾಯ, ಒಳಗಿಡು" ಅಂದರು. ಒಂದು ಹಿಡಿ ಮಾತ್ರ ತೆಗೆದು ಟವೆಲ್ಲಿನ ತುದಿಗೆ ಕಟ್ಟಿಕೊಂಡರು. ಯಾರಿಗೆ ವೋಟು ಹಾಕಿದಿರಿ ಅಂತ ಕೇಳಲಿಲ್ಲ. ಅವ್ವ ಬಡಿಸಿದಳು, ಎರಡು ಸಲ ಹಾಕಿಸಿಕೊಂಡು ಉಂಡರು.

ಕೈ ತೊಳೆಯೋದಕ್ಕೆ ನಾನು ನೀರು ಹಾಕಿದೆ. ಬಚ್ಚಲ ಹತ್ತಿರವೇ ನಿಂತಿದ್ದೆವು. ದನಿ ತಗ್ಗಿಸಿ ಕೇಳಿದರು, ಇನ್ನೂ ತಗ್ಗಿಸುವ ಅಭ್ಯಾಸ ಹೋಗಿರಲಿಲ್ಲ. "ಆ ಹಾಳೆ ಎಷ್ಟು ಜನಕ್ಕೆ ಮುಟ್ಟಿತೋ ತಮ್ಮಾ?"

"ಹನ್ನೆರಡೂ ಮುಟ್ಟಿದವು ಮೇಷ್ಟ್ರೇ" ಅಂದೆ.

ಅವರ ಮುಖ ಅರಳಿತು. ಒದ್ದೆ ಕೈಯಲ್ಲೇ ನನ್ನ ಭುಜ ಹಿಡಿದುಕೊಂಡರು. ಲೆಕ್ಕದ ಮೇಷ್ಟ್ರಲ್ವಾ, ಅಲ್ಲೇ ಬೆರಳು ಮಡಿಸಿ ಲೆಕ್ಕ ಹಾಕಿದರು. "ಒಬ್ಬೊಬ್ಬರು ಇನ್ನಿಬ್ಬರಿಗೆ ಕೊಟ್ಟಿದ್ರೂ ಮೂವತ್ತಾರು ಜನ ಆಯ್ತಲ್ಲೋ. ಮೂವತ್ತಾರು ಜನ ಓದಿದಾರೆ."